ರೊಟ್ಟಿಗೆ ಜಾಗವಿಲ್ಲದ ಒಲೆ

ಶಿವಕಾಂತಮ್ಮನಿಗೆ ಗಿಡಮರಗಳ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬಸ್ಸಿನ ಕಿಟಕಿ ಪಕ್ಕದ ಸೀಟು.

೧೯೮೬ರಲ್ಲಿ ಹೊಗೆರಹಿತ ಒಲೆಯ ಯೋಜನೆಯವರು ಜೀಪಿನಲ್ಲಿ ಕಮಲಾಪುರಕ್ಕೆ ಬಂದು, ಏಳನೇ ಇಯತ್ತೆ ಪಾಸಾದ ಹೆಂಗಸೊಬ್ಬಳು ಬೇಕು, ಕಲಬುರಗಿಗೆ ಬಸ್ಸಿನಲ್ಲಿ ಕರೆದೊಯ್ದು ಒಲೆ ಕಟ್ಟುವುದನ್ನು ಕಲಿಸುತ್ತೇವೆ ಎಂದರು. ಅಂಥವರು ಆ ಓಣಿಯಲ್ಲಿ ಮೂವರಿದ್ದರು. ಇಬ್ಬರ ಅತ್ತೆಯಂದಿರು ಮನೆಯಲ್ಲೇ ಇದ್ದರು. ಶಿವಕಾಂತಮ್ಮನ ಅತ್ತೆ ಕಸ್ತೂರಿಬಾಯಿ ಮಾತ್ರ ಕುರಿಕೋಟಾದಲ್ಲಿ ಯಾರೋ ತೀರಿಕೊಂಡರೆಂದು ಮಣ್ಣಿಗೆ ಹೋಗಿದ್ದಳು. ಹೆಣ ಮಣ್ಣಾಗಿ ಅತ್ತೆ ಊರು ಸೇರುವಷ್ಟರಲ್ಲಿ ಸೊಸೆಯ ಸಹಿ ಆಗಿಹೋಗಿತ್ತು.

ಗಂಡ ಅಣವೀರಪ್ಪನಿಗೆ ಕೆಂಪು ಬಾಳೆಯ ತೋಟವಿತ್ತು, ಸ್ವಂತ ಅಭಿಪ್ರಾಯವಿರಲಿಲ್ಲ. “ಅವ್ವನ ಕೇಳು” ಎಂದು ತೋಟಕ್ಕೆ ಹೋದ.

ಕಸ್ತೂರಿಬಾಯಿ ಕಾಲು ತೊಳೆಯುತ್ತಲೇ ತೀರ್ಪು ಕೊಟ್ಟಳು. “ಸರಕಾರದ ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ರ ಅಳಸಬಹುದಿತ್ತು. ನೀ ಶ್ಯಾಣ್ಯಾಕಿ, ಸಹಿ ಮಾಡೀದಿ. ಹೋಗು. ಮುಂದಿನ ಯುಗಾದಿಗಿ ಊರಾಗ ನೀ ಕಟ್ಟಿದ ಒಲಿ ಉರೀಬೇಕು. ಉರೀಲಿಲ್ಲ ಅಂದ್ರ ಮನಿ, ತ್ವಾಟ, ಮನಿ. ಬಸ್ಸಿನ ಮಾರಿ ಮತ್ತ ನೋಡಂಗಿಲ್ಲ.”

ಕಲಬುರಗಿಯಲ್ಲಿ ಹತ್ತು ದಿನ ತರಬೇತಿ. ಕಲಿಸಿದವರು ಅಲ್ಲಿನ ಬ್ರಹ್ಮಪುರ ಬಡಾವಣೆಯ ಮುಕುಂದರಾವ್. ಸಜ್ಜನರು, ಎಂಜಿನಿಯರು. ಹುಟ್ಟಿದಾಗಿನಿಂದ ರೊಟ್ಟಿಯನ್ನು ಅದು ತಟ್ಟೆಗೆ ಬಂದು ಬಿದ್ದ ಮೇಲೆಯೇ ಕಂಡವರು. ಬೆಳಿಗ್ಗೆ ಕಾಡಿನ ನಾಶದ ಬಗ್ಗೆ ಮಾತಾಡುತ್ತಿದ್ದರು, ಮಧ್ಯಾಹ್ನ ಮಣ್ಣು ಕಲಸುತ್ತಿದ್ದರು. ಒಲೆಗೆ ಒಂದು ನಕ್ಷೆ ಇತ್ತು. ಬಾಯಿ ಇಷ್ಟೇ ಅಗಲ, ಪಾತ್ರೆಯ ಕುಣಿ ಎರಡು, ಹಿಂದೆ ಹೊಗೆ ಹೋಗಲು ಕೊಳವೆ. ಕೊನೆಯ ದಿನ ಎಲ್ಲರ ಒಲೆಗಳ ಮೇಲೂ ಅನ್ನ ಮಾಡಿ, ನೀರು ಕುದಿಸಿ ನೋಡಿದರು. ಶಿವಕಾಂತಮ್ಮನ ಒಲೆಯ ಮೇಲೆ ಎಲ್ಲರಿಗಿಂತ ಮೊದಲು ನೀರು ಕುದಿಯಿತು. ಕೋಣೆಯೊಳಗೆ ಒಂದೆಳೆ ಹೊಗೆ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಜೋಳದ ನಾಡಿನಲ್ಲಿ ಕಟ್ಟಿದ ಒಲೆಯ ಮೇಲೆ ಒಂದೇ ಒಂದು ರೊಟ್ಟಿ ಮಾಡಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮುಕುಂದರಾಯರಿಗೆ ಹೊಳೆಯದ್ದು ಆಶ್ಚರ್ಯವಲ್ಲ. ಶಿವಕಾಂತಮ್ಮನಿಗೆ ಯಾಕೆ ಹೊಳೆಯಲಿಲ್ಲವೆಂದರೆ, ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವಳು ಆ ಮನೆಯಲ್ಲಿ ರೊಟ್ಟಿ ಬಡಿದವಳಲ್ಲ. ಪಲ್ಯ, ಬೇಳೆ, ಮುಸುರೆ ಸೊಸೆಯದು; ರೊಟ್ಟಿ ಅತ್ತೆಯದು. ರೊಟ್ಟಿ ಸುಡುವ ಹಂಚು ಬಿಟ್ಟುಕೊಟ್ಟರೆ ಯಜಮಾನಿಕೆಯೂ ಹೋಯಿತೆಂದೇ ಆ ಕಡೆಯ ಅತ್ತೆಯಂದಿರ ತಿಳುವಳಿಕೆ.

ಮಳೆಗಾಲ ಮುಗಿಯುವುದರೊಳಗೆ ಶಿವಕಾಂತಮ್ಮ ಕಮಲಾಪುರದಲ್ಲಿ ತನ್ನ ಮನೆಯದೂ ಸೇರಿ ನಲವತ್ತು ಒಲೆ ಕಟ್ಟಿದಳು. ಪ್ರತಿ ಮನೆಯಲ್ಲೂ ಮುಕುಂದರಾಯರ ಕಾಡಿನ ಭಾಷಣವನ್ನು ಒಪ್ಪಿಸಿದಳು. ತೊಗರಿ ಕಟ್ಟಿಗೆ ಮತ್ತು ಸಗಣಿಯ ಕುಳ್ಳು ಉರಿಸುವ ಹೆಂಗಸರು, ಯಾವ ಕಾಡಪ್ಪಾ ಇದು ಎಂದು ಬಾಯಿ ತೆರೆದುಕೊಂಡು ಕೇಳಿದರು. ಒಲೆ ಪುಕ್ಕಟೆ ಬರುವಾಗ ಭಾಷಣ ಕೇಳುವುದಕ್ಕೇನು ಕಷ್ಟ?

ದೀಪಾವಳಿ ಕಳೆದ ಮೇಲೆ ಅವಳು ಒಲೆಗಳನ್ನು ನೋಡಲು ಹೊರಟಳು. ಒಂದು ಮನೆಯ ಒಲೆಯೊಳಗೆ ಉಳ್ಳಾಗಡ್ಡಿ ಇತ್ತು. ಇನ್ನೊಂದರಲ್ಲಿ ಮಗುವಿನ ಚಡ್ಡಿ ಒಣಗುತ್ತಿತ್ತು. ಅಂಬಣ್ಣನ ಮನೆಯ ಒಲೆಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಎಲ್ಲ ಮನೆಗಳಲ್ಲೂ ಹೊಸ ಒಲೆಯ ಪಕ್ಕದಲ್ಲೇ ಹಳೆಯ ಒಲೆ ಭರ್ಜರಿಯಾಗಿ ಹೊಗೆಯಾಡುತ್ತಿತ್ತು.

ನೂರಜಹಾನ್‌ಳ ಮನೆಗೆ ಬರುವಷ್ಟರಲ್ಲಿ ಶಿವಕಾಂತಮ್ಮನ ತಾಳ್ಮೆ ತೀರಿತ್ತು. ಎಂಟು ಜನರ ಮನೆ ನೂರಜಹಾನ್‌ಳದು. ಕಣ್ಣು ಯಾವಾಗಲೂ ಕೆಂಪು.

“ಏ ನೂರಜಹಾನ್, ಕಣ್ಣ ಹಾಳಾಗ್ತಾವ ಅಂತ ಒಲಿ ಕಟ್ಟಿಕೊಟ್ರ, ಅದರ ಮ್ಯಾಲ ಕೊಡಪಾನ ಇಟ್ಟೀಯಲ್ಲ? ಕಾಡು ಉಳೀಬೇಕೋ ಬ್ಯಾಡೋ?”

“ಅಕ್ಕಾ, ನಿನ್ನ ತಕರೀರು, ಭಾಷಣ ಎಲ್ಲಾ ಬಸ್ ಮಾಡು” ಎಂದಳು ನೂರಜಹಾನ್. “ಮಾರು ಉದ್ದದ ತೊಗರಿ ಕಟಗಿ ಆ ಇಲಿ ಬಾಯಾಗ ಹ್ಯಾಂಗ ತುರುಕಲಿ? ತುರುಕಿದೆ ಅಂತ ತಿಳಿ, ರೊಟ್ಟಿ ಎಲ್ಲಿ ನಿಂದ್ರಸಲಿ? ನಿನ್ನ ತಲಿ ಮ್ಯಾಲೇನು?”

ಶಿವಕಾಂತಮ್ಮ ಮನೆಗೆ ಬಂದು ಅತ್ತೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕಸ್ತೂರಿಬಾಯಿ ಹಳೆಯ ಒಲೆಯ ಮುಂದೆ ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದಳು. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಆಮೇಲೆ ಒಲೆಯ ಬಾಯಿಗೆ ಎಳೆದ ಕೆಂಡದೆದುರು ರೊಟ್ಟಿಯನ್ನು ಆನಿಸಿ ನಿಲ್ಲಿಸಿದಳು. ರೊಟ್ಟಿ ಉಬ್ಬಿತು. ಹದಿನಾಲ್ಕು ವರ್ಷ ದಿನಕ್ಕೆ ಎರಡು ಹೊತ್ತು ಶಿವಕಾಂತಮ್ಮನ ಕಣ್ಣೆದುರೇ ನಡೆದದ್ದು ಇದು. ಹೊಸ ಒಲೆಯಲ್ಲಿ ಕೆಂಡ ಎಳೆಯಲು ಕಟ್ಟೆಯಿಲ್ಲ. ರೊಟ್ಟಿ ಆನಿಸಲು ಜಾಗವಿಲ್ಲ. ಅತ್ತೆ ತನ್ನ ಮೇಲಿನ ಸಿಟ್ಟಿಗೆ ಹೊಸ ಒಲೆ ಮುಟ್ಟುತ್ತಿಲ್ಲವೆಂದು ಅವಳು ಇಷ್ಟು ದಿನ ತಿಳಿದಿದ್ದಳು.

“ಏನ್ ನೋಡ್ತಿ? ಹಂಚಿನ ಮ್ಯಾಲ ಕಣ್ಣು ಬಿತ್ತೇನು?” ಎಂದಳು ಕಸ್ತೂರಿಬಾಯಿ.

“ಹಂಚು ನಿನಗೇ ಇರಲಿ ಅತ್ತಿ. ಕೆಂಡ ಎಷ್ಟು ದೂರ ಎಳೀತಿ, ಅದಷ್ಟು ಹೇಳು.”

“ಒಂದು ಗೇಣು. ಏಳನೇತ್ತೆ ಕಲ್ತು ಇದನ್ನ ಕೇಳ್ಬೇಕೇನು?”

ಮರುದಿನ ಅವಳು ತನ್ನ ಮನೆಯ ಹೊಸ ಒಲೆಯ ಬಾಯನ್ನು ಎರಡಿಂಚು ಒಡೆದು ಅಗಲ ಮಾಡಿದಳು. ಮುಂದೆ ಒಂದು ಗೇಣಿನ ಕಟ್ಟೆ, ಅದರ ಪಕ್ಕಕ್ಕೆ ರೊಟ್ಟಿ ಆನಿಸಲು ಒಂದು ಮಣ್ಣಿನ ದಿಂಡು. ಹಿಂದಿನ ಕೊಳವೆಯನ್ನು ಮುಟ್ಟಲಿಲ್ಲ. ಒಣಗಿದ ಮೇಲೆ ಕಸ್ತೂರಿಬಾಯಿ ಒಂದು ರೊಟ್ಟಿ ಬಡಿದು ನಿಲ್ಲಿಸಿದಳು. ಪೂರಿಯಂತೆ ಉಬ್ಬಿತು. ಕಣ್ಣಲ್ಲಿ ನೀರಿಲ್ಲ, ಕೆಮ್ಮಿಲ್ಲ. ಮುದುಕಿ ಬಹಳ ಹೊತ್ತು ತಪ್ಪು ಹುಡುಕಿದಳು.

“ಹೊಗಿ ಇಲ್ಲದ ರೊಟ್ಟಿಗಿ ರುಚಿ ಇರಲ್ಲ” ಎಂದು ಹೇಳಿ ಇನ್ನೊಂದು ಹಿಟ್ಟಿನ ಮುದ್ದೆ ಎತ್ತಿಕೊಂಡಳು. ಅಂದಿನಿಂದ ಹಳೆಯ ಒಲೆ ತಣ್ಣಗಾಯಿತು.

ಸಂಕ್ರಾಂತಿಯ ಹೊತ್ತಿಗೆ ಮೂವತ್ತೊಂದು ಮನೆಗಳಲ್ಲಿ ಬಾಯಿ ಒಡೆದು ಕಟ್ಟೆ ಕಟ್ಟಿಯಾಗಿತ್ತು. ಒಂಬತ್ತು ಮನೆಯವರು ಬೇಡವೆಂದರು. ಅಂಬಣ್ಣನ ಹೆಂಡತಿ, “ಕೋಳಿ ಮತ್ತ ಕಾವಿಗಿ ಕುಂತದ, ಎಬ್ಬಸಬ್ಯಾಡ ಯವ್ವಾ, ಪಾಪ ಹತ್ತತದ” ಎಂದಳು. ಈ ಸಲ ಶಿವಕಾಂತಮ್ಮ ಕಾಡಿನ ಮಾತು ಎತ್ತಲಿಲ್ಲ. ಮೂರು ಹೊರೆ ಕಟ್ಟಿಗೆ ಸುಡುತ್ತಿದ್ದ ಮನೆ ಎರಡು ಹೊರೆಗೆ ಇಳಿದದ್ದನ್ನು ಹೆಂಗಸರು ತಾವೇ ನೋಡಿದ್ದರು.

ಯುಗಾದಿಗೆ ಹದಿನೈದು ದಿನವಿರುವಾಗ ಬೆಂಗಳೂರಿನಿಂದ ಸಾಹೇಬರೊಬ್ಬರು ಅಳತೆಯ ಟೇಪು ಹಿಡಿದು ತಪಾಸಣೆಗೆ ಬಂದರು. ಜೊತೆಗೆ ಮುಕುಂದರಾವ್. ಸಾಹೇಬರು ಮೊದಲ ಮನೆಯ ಒಲೆಗೆ ಟೇಪು ಹಿಡಿದು ಹುಬ್ಬು ಗಂಟಿಕ್ಕಿದರು.

“ಬಾಯಿ ಎರಡಿಂಚು ಜಾಸ್ತಿ ಇದೆ. ಮುಂದೆ ಇದೇನಮ್ಮ?”

“ಕಟ್ಟಿರೀ. ರೊಟ್ಟಿ ನಿಂದ್ರಸ್ಲಿಕ್ಕ.”

“ನಕ್ಷೆಯಲ್ಲಿ ಕಟ್ಟೆ ಇಲ್ಲವಲ್ಲ.”

“ನಕ್ಷಾದಾಗ ರೊಟ್ಟೀನೂ ಇಲ್ರೀ.”

ಸಾಹೇಬರು ಬರೆದುಕೊಂಡರು: ಅಳತೆ ತಪ್ಪು. ಎರಡನೇ ಮನೆ, ಮೂರನೇ ಮನೆ, ಅಳತೆ ತಪ್ಪು. ಅಂಬಣ್ಣನ ಮನೆಯಲ್ಲಿ ಮಾತ್ರ ಅವರ ಮುಖ ಅರಳಿತು. ಅಂಬಣ್ಣನ ಹೆಂಡತಿ ಕೋಳಿಯನ್ನು ಓಡಿಸಿ, ಮೊಟ್ಟೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಒಲೆ ಸುಣ್ಣ ಬಳಿದಂತೆ ಬೆಳ್ಳಗಿತ್ತು.

“ಎಷ್ಟು ಸ್ವಚ್ಛ! ಒಂದು ಮಸಿಯ ಕಲೆಯಿಲ್ಲ. ನಿರ್ವಹಣೆ ಅಂದರೆ ಇದು!”

ಹೊರಗೆ ಬಂದ ಮೇಲೆ ಮುಕುಂದರಾವ್ ಶಿವಕಾಂತಮ್ಮನನ್ನು ಪಕ್ಕಕ್ಕೆ ಕರೆದರು. “ಸಾಹೇಬ್ರು ಊಟ ಆದ ಮ್ಯಾಲ ಇನ್ನೊಂದು ನಾಲ್ಕೈದು ಮನಿ ಅಷ್ಟ ನೋಡ್ತಾರ್ರೀ. ಅಷ್ಟರಾಗ ಆ ಮನೀಗಳ ಕಟ್ಟಿ ಒಡದು, ಬಾಯಿ ಸಣ್ಣ ಮಾಡಿಬಿಡ್ರಿ. ಅವರು ಹೋದ ಮ್ಯಾಲ ಏನರ ಮಾಡಿಕೊಳ್ರಿ. ಇಲ್ಲಂದ್ರ ನಿಮ್ಮ ಹೆಸರು ತಗದ್ಹಾಕ್ತಾರ. ನನ್ನ ಕೈಯಾಗ ಏನೂ ಇಲ್ಲ.”

ಹೆಸರು ಹೋದರೆ ಬಸ್ಸೂ ಹೋಯಿತು. ಮನೆ, ತೋಟ, ಮನೆ. ಶಿವಕಾಂತಮ್ಮ ಹಾರೆ ಹಿಡಿದು ನೂರಜಹಾನ್‌ಳ ಮನೆಗೆ ನಡೆದಳು. ನೂರಜಹಾನ್ ಒಲೆಯ ಮುಂದಿದ್ದಳು. ಬುಟ್ಟಿಯಲ್ಲಿ ಹದಿನೈದು ರೊಟ್ಟಿ, ಕಟ್ಟೆಯ ಮೇಲೆ ಹದಿನಾರನೆಯದು. ಅವಳ ಕಣ್ಣುಗಳು ಬೆಳ್ಳಗಿದ್ದವು.

“ಹಾರಿ ಯಾಕ ಅಕ್ಕಾ?”

“ಕಟ್ಟಿ ಒಡೀಬೇಕಾಗ್ಯದ. ಸಾಹೇಬಗ ಬ್ಯಾಡಂತ.”

“ಸಾಹೇಬ ಬಂದು ನನ್ನ ಮನಿಮಂದಿಗಿ ರೊಟ್ಟಿ ಬಡೀತಾನೇನು?” ನೂರಜಹಾನ್ ರೊಟ್ಟಿ ತಿರುವಿದಳು. “ಒಡಿ. ನೀನೇ ಕಟ್ಟೀದಿ, ನೀನೇ ಒಡಿ. ನಾಳಿ ಮುಂಜಾನಿ ಮತ್ತ ಹೊಗಿ ಕುಡದು ಅಳತೀನಿ. ಆವಾಗ ಕಾಡಿನ ಕಥಿ ಹೇಳ್ಲಿಕ್ಕ ಬಂದೀಯಂದ್ರ ಇದೇ ಹಾರಿ ತಗೋತೀನಿ.”

ಶಿವಕಾಂತಮ್ಮ ಕಟ್ಟೆಯ ಮೇಲಿನ ರೊಟ್ಟಿಯನ್ನು ಎತ್ತಿ ಬುಟ್ಟಿಗೆ ಹಾಕಿ, ಹಾರೆ ಹೆಗಲಿಗಿಟ್ಟು ಮನೆಗೆ ಬಂದಳು.

ಮನೆಯಲ್ಲಿ ಸಾಹೇಬರು ಉಣ್ಣುತ್ತಿದ್ದರು. ಅಳತೆ ತಪ್ಪಿದ ಒಲೆಯಿಂದ ನೇರವಾಗಿ ತಟ್ಟೆಗೆ ಬಂದ ಆರು ರೊಟ್ಟಿಗಳನ್ನು ಎಣ್ಣೆಗಾಯಿ ಜೊತೆ ತಿಂದು, ಏಳನೆಯದಕ್ಕೆ ಕೈ ಒಡ್ಡಿದರು. ಇಂಥ ರೊಟ್ಟಿ ಬೆಂಗಳೂರಿನಲ್ಲಿ ಸಿಗುವುದಿಲ್ಲವೆಂದರು. ಮೇಲೊಂದು ಕೆಂಪು ಬಾಳೆಹಣ್ಣು ತಿಂದರು. ಕೈ ತೊಳೆದು, ಆ ಒಲೆಗೂ ಟೇಪು ಹಿಡಿದು ಬರೆದರು: ಅಳತೆ ತಪ್ಪು. ಸಂಜೆ ಹೊರಡುವ ಮುಂಚೆ, ನೋಡದೆ ಉಳಿದ ಮನೆಗಳ ಲೆಕ್ಕವನ್ನು ಶಿವಕಾಂತಮ್ಮನನ್ನೇ ಕೇಳಿ ಬರೆದುಕೊಂಡರು.

ಎಂಟು ದಿನಕ್ಕೆ ಪತ್ರ ಬಂತು. ಕಮಲಾಪುರದಲ್ಲಿ ಒಂಬತ್ತು ಒಲೆಗಳು ತೃಪ್ತಿಕರ, ಮೂವತ್ತೊಂದು ತಿರಸ್ಕೃತ, ಕಾರ್ಯಕರ್ತೆಯ ಹೆಸರು ರದ್ದು. ಶಿವಕಾಂತಮ್ಮ ಅದನ್ನು ಅತ್ತೆಗೆ ಓದಿ ಹೇಳಿ, ಮಡಚಿ, ತೋಟಕ್ಕೆ ಹೋಗಲು ಕುಡುಗೋಲು ತೆಗೆದುಕೊಂಡಳು.

“ಎಲ್ಲಿಗಿ ಹೊಂಟಿ?” ಎಂದಳು ಕಸ್ತೂರಿಬಾಯಿ.

“ತ್ವಾಟಕ್ಕ. ಮಾತು ಅಂದ್ರ ಮಾತು.”

“ನಾ ಏನಂದಿದ್ದೆ? ಊರಾಗ ಒಲಿ ಉರೀಬೇಕು ಅಂದಿದ್ದೆ. ಸಾಹೇಬ ನಗಬೇಕು ಅಂದಿದ್ನೇನು? ಮೂವತ್ತೊಂದು ಮನಿ ನಾನೇ ತಿರುಗಿ ನೋಡಿ ಬಂದೀನಿ. ಉರೀಲಾಕತ್ತಾವ.” ಮುದುಕಿ ಹಂಚು ಇಳಿಸಿದಳು. “ಕುಡಗೋಲು ಇಡು. ಕುರಿಕೋಟಾದಾಗ ನನ್ನ ತಂಗಿ ಹೊಗ್ಯಾಗ ಕುಂತು ಕುಂತು ಕುರುಡ ಆಗ್ಲಾಕತ್ತಾಳ. ಮಂಗಳವಾರದ ಬಸ್ಸಿಗಿ ಹೋಗು. ಮತ್ತ, ಅಲ್ಲಿ ಭಾಷಣ ಗೀಷಣ ಬ್ಯಾಡ. ನಮ್ಮ ಮಾನ ಹೋಗ್ತದ.”

ಆ ಬಸ್ಸು ಮುಂದೆ ಹದಿನೈದು ವರ್ಷ ನಿಲ್ಲಲಿಲ್ಲ. ಯಾವ ಯೋಜನೆಯ ಹೆಸರೂ ಇಲ್ಲದೆ ಶಿವಕಾಂತಮ್ಮ ಸುತ್ತಲಿನ ಹಳ್ಳಿಗಳಲ್ಲಿ ಒಲೆ ಕಟ್ಟಿದಳು. ಹೊಸ ಮನೆಗೆ ಹೋದರೆ ಮೊದಲು ಒಂದು ರೊಟ್ಟಿ ಮಾಡಿಸಿ ತಿನ್ನುತ್ತಿದ್ದಳು, ಕೆಂಡ ಎಷ್ಟು ದೂರ ಎಳೆಯುತ್ತಾರೆಂದು ನೋಡುತ್ತಿದ್ದಳು, ಆಮೇಲೆ ಮಣ್ಣು ಮುಟ್ಟುತ್ತಿದ್ದಳು.

೧೯೯೧ರಲ್ಲಿ ಮುಕುಂದರಾಯರೇ ಬ್ರಹ್ಮಪುರದ ಮನೆಗೆ ಕರೆಸಿಕೊಂಡರು. ಒಳಗಿನ ಅಡುಗೆಮನೆಯಲ್ಲಿ ಗ್ಯಾಸಿತ್ತು. ಅವರ ತಾಯಿ ಇಂದೂಬಾಯಿ ಮಡಿ ಅಡುಗೆಗೆ ಗ್ಯಾಸು ಒಪ್ಪದೆ ಹಿತ್ತಲಿನ ಕಟ್ಟಿಗೆ ಒಲೆಯ ಮುಂದೆ ಕೆಮ್ಮುತ್ತಿದ್ದರು. ಪಕ್ಕದಲ್ಲಿ ಮಗ ನಕ್ಷೆಯ ಪ್ರಕಾರ ಕಟ್ಟಿಸಿದ ಒಲೆ. ಅದರೊಳಗೆ ರಂಗೋಲಿಯ ಡಬ್ಬಿಗಳು.

“ನಾ ಕಟ್ಟಿದ್ರ ಮಡಿಗಿ ನಡೀತದೇನ್ರೀ ಅಮ್ಮಾ?” ಎಂದಳು ಶಿವಕಾಂತಮ್ಮ.

“ಮ್ಯಾಲ ಸಗಣಿ ಸಾರಿಸಿದ್ರ ಸರಕಾರನೂ ಶುದ್ಧ ಆಗ್ತದ, ನಿಂದೇನು” ಎಂದರು ಇಂದೂಬಾಯಿ. “ನಿನ್ನ ಮನಸಿಗಿ ಬಂದಂಗ ಕಟ್ಟು.”

ಮುಕುಂದರಾವ್ ಟೇಪು ತರಲು ಎದ್ದರು.

“ಮುಕುಂದಾ, ಕೂಡು” ಎಂದರು ಅವರ ತಾಯಿ.