ಕುಣಿಮಗ್ಗದಿಂದೆದ್ದು ಓಡಿದವನು

ಅವನ ಎರಡೂ ಪಾದಗಳ ಹೆಬ್ಬೆರಳುಗಳು ಉಳಿದ ಬೆರಳುಗಳೊಂದಿಗೆ ಜಗಳವಾಡಿಕೊಂಡಂತೆ ದೂರ ಸರಿದು ನಿಂತಿದ್ದವು. ನಡುವಿನ ಸಂದಿನಲ್ಲಿ ಒಂದು ಅಡಿಕೆಯನ್ನು ಆರಾಮಾಗಿ ಇಡಬಹುದಿತ್ತು. ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯ ಮುಂದೆ ಓಟಕ್ಕೆಂದು ಸಾಲಾಗಿ ನಿಂತಿದ್ದಾಗ ಮುಖಕ್ಕಿಂತ ಮೊದಲು ನಾನು ಕಂಡದ್ದು ಆ ಪಾದಗಳನ್ನು. ಇಂಥ ಕಾಲಿನವನು ಊರ ಗಡಿ ದಾಟುವಷ್ಟರಲ್ಲಿ ಕುಂಟುತ್ತಾನೆ ಎಂದು ಅವನನ್ನು ಅಲ್ಲಿಗೇ ಮರೆತೆ. ನಾನು ಏದುಸಿರು ಬಿಡುತ್ತ ಮರಳಿ ಬಂದಾಗ ಅವನು ಆಗಲೇ ಕಚೇರಿಯ ಬೇವಿನ ಮರದ ಕೆಳಗೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಅವನು ಮೊಳಕಾಲ್ಮೂರಿನ ನೇಕಾರ. ಮನೆಮಾತು ತೆಲುಗು, ಮನೆಯೊಳಗೇ ಕುಣಿಮಗ್ಗ, ನೇಯುತ್ತಿದ್ದುದು ರೇಷ್ಮೆ ಸೀರೆ. ನಾನು ಚಳ್ಳಕೆರೆಯ ಅಂಚೆ ಓಟದವನು. ಬೆನ್ನಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ, ಎದೆಯ ಮೇಲೆ ಸರ್ಕಾರದ ಹಿತ್ತಾಳೆ ಬಿಲ್ಲೆ. ದಿನವೂ ಓಡುವುದು ನನ್ನ ಕಸುಬು, ದಿನವೂ ಕೂರುವುದು ಅವನ ಕಸುಬು. ಕೂರುವವನು ಓಡುವವನನ್ನು ಸೋಲಿಸಿದನೆಂದರೆ ಒಳಗೆ ಏನೋ ನಡೆದಿದೆ ಎಂದೇ ಅರ್ಥ. ಅನುಮಾನ ನನ್ನ ಹುಟ್ಟುಗುಣ. ಅಂಚೆ ಚೀಲದ ಅರಗಿನ ಮುದ್ರೆಯನ್ನು ಬೆರಳಿನಿಂದ ಒತ್ತಿ ನೋಡದೆ ಹೆಗಲಿಗೆ ಏರಿಸುತ್ತಿರಲಿಲ್ಲ; ಹಾಲನ್ನು ಉಗುರಿನ ಮೇಲೆ ಹನಿಸಿ ನೋಡದೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. "ನಿನ್ಗೆ ಹೆತ್ತವ್ವನ್ ಮ್ಯಾಲೂ ಅನುಮಾನ ಐತೆ ಕಣಲೇ" ಎಂದು ಅವ್ವ ಬೈಯುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಓಟವನ್ನು ಶುರುಮಾಡಿದವರು ಆಗಿನ ಅಮಲ್ದಾರರು. ಬೆಂಗಳೂರಿನ ದಂಡಿನಲ್ಲಿ ಬಿಳಿಯ ಸೋಜರರು ಪಂದ್ಯ ಕಟ್ಟಿ ಓಡುವುದನ್ನು ನೋಡಿ ಬಂದಿದ್ದರಂತೆ. ಕಚೇರಿಯಿಂದ ಹೊರಟು ಸಿದ್ದಾಪುರದ ಬಳಿಯ ಬ್ರಹ್ಮಗಿರಿಗೆ ಹೋಗಿ, ಬೆಟ್ಟದ ಬುಡದಲ್ಲಿರುವ ಅಕ್ಷರಗುಂಡನ್ನು ಮುಟ್ಟಿ ಮರಳಬೇಕು; ಯಾವ ದಾರಿ ಹಿಡಿದರೂ ಸರಿ. ಆ ಹಳೆಯ ಬರಹದ ಬಂಡೆಯ ಪಕ್ಕ ಶಾನುಭೋಗರು ಕೂತು, ಮುಟ್ಟಿದವನ ಬೆನ್ನಿಗೆ ಕೆಮ್ಮಣ್ಣಿನ ಮುದ್ರೆ ಒತ್ತುವರು. ಮುದ್ರೆ ಇಲ್ಲದವನು ಎಷ್ಟು ಬೇಗ ಬಂದರೂ ಗೆದ್ದಂತಲ್ಲ. ಗೆದ್ದವನಿಗೆ ಅಮಲ್ದಾರರೇ ಕೈಯಾರೆ ಜರಿ ಅಂಚಿನ ರುಮಾಲು ಸುತ್ತುತ್ತಿದ್ದರು.

ಆ ವರ್ಷ ರುಮಾಲು ನೇಕಾರನ ತಲೆಗೆ ಹೋಯಿತು, ನನ್ನ ನಿದ್ದೆಯೂ ಅದರ ಜೊತೆಗೇ ಹೋಯಿತು. ಅವನಿಗೆ ಅವಳಿ ತಮ್ಮನಿರಬೇಕು ಎಂದುಕೊಂಡೆ: ಒಬ್ಬ ಇಲ್ಲಿಂದ ಹೊರಟು ಪೊದೆಯಲ್ಲಿ ಅಡಗುವುದು, ಇನ್ನೊಬ್ಬ ಗುಂಡಿನ ಹತ್ತಿರದಿಂದ ಎದ್ದು ಬರುವುದು. ವಿಚಾರಿಸಿದರೆ ಒಬ್ಬನೇ ಮಗ. ದಾರಿಯಲ್ಲಿ ಕುದುರೆ ಕಟ್ಟಿರಬೇಕು ಎಂದುಕೊಂಡೆ. ಅವನ ಮನೆಯಲ್ಲಿ ಒಂದು ಆಡೂ ಇರಲಿಲ್ಲ. ಕೊನೆಗೆ ಬಿಡುವಿನ ದಿನ ನಾನೇ ಮೊಳಕಾಲ್ಮೂರಿಗೆ ಹೋಗಿ ಅವನ ಕಿಟಕಿಯಲ್ಲಿ ಇಣುಕಿದೆ. ಸೊಂಟದವರೆಗೆ ಮಗ್ಗದ ಕುಣಿಯೊಳಗೆ ಇಳಿದು ಕೂತಿದ್ದ. ಕೈಗಳಷ್ಟೇ ಅತ್ತಿತ್ತ ಆಡುತ್ತಿದ್ದವು. ಬಹಳ ಹೊತ್ತು ನಿಂತು ನೋಡಿದೆ, ಎದ್ದೇಳಲೇ ಇಲ್ಲ. ಗೋಡೆಯ ಪಕ್ಕ ಬಣ್ಣದ ಮಡಕೆಗಳು ಸಾಲಾಗಿದ್ದವು. ಒಂದರಲ್ಲಿ ಕೆಂಪು ಬಣ್ಣವಿತ್ತು. ಬೇಕಾದದ್ದು ಸಿಕ್ಕಿತು ಎಂದು ಖುಷಿಯಿಂದ ಊರಿಗೆ ಮರಳಿದೆ.

ಮರುವರ್ಷವೂ ಅವನೇ ಮೊದಲು ಬಂದ. ಅಮಲ್ದಾರರು ರುಮಾಲು ಎತ್ತಿದಾಗ ನಾನು ಮುಂದೆ ನುಗ್ಗಿ ಕೂಗಿಯೇಬಿಟ್ಟೆ: "ಸ್ವಾಮೀ, ಅವನ್ ಬೆನ್ಮ್ಯಾಲೆ ಇರೋದು ಕೆಮ್ಮಣ್ಣಲ್ಲ, ರೇಷ್ಮೆ ಬಣ್ಣ. ಮನೇಲೇ ಒತ್ತಿಸ್ಕೊಂಡು ಬಂದವ್ನೆ. ಗುಂಡಿನ್ ತಾವ ಹೋಗೇ ಇಲ್ಲ!"

ಜನ ಅವನ ಬೆನ್ನು ನೋಡಲು ಮುತ್ತಿದರು. ಬೆವರಿಗೆ ಮುದ್ರೆ ಕಲಸಿಹೋಗಿ ಮಣ್ಣೋ ಬಣ್ಣವೋ ಯಾರಿಗೂ ಹೇಳಲಾಗಲಿಲ್ಲ. ಸಂಜೆ ಗಾಡಿಯಲ್ಲಿ ಬಂದಿಳಿದ ಶಾನುಭೋಗರನ್ನು ಕೇಳಿದರೆ, "ನಾನು ಬೆನ್ನು ನೋಡಿ ಒತ್ತೋನು, ಮುಖ ನೋಡಾಕೆ ಪುರುಸೊತ್ತೆಲ್ಲಿ?" ಎಂದರು. ರುಮಾಲು ಯಾರಿಗೂ ಸಿಗದೆ ಕಚೇರಿಯ ಪೆಟ್ಟಿಗೆಗೆ ಮರಳಿತು. ನೇಕಾರ ತೆಲುಗಿನಲ್ಲಿ "ಅಬದ್ಧಂ" ಎಂದ, ಸುಳ್ಳು ಎಂದು. ಅದೊಂದೇ ಮಾತು. ನಾನು ಮಾತ್ರ ಮೀಸೆ ತಿರುವಿಕೊಂಡು ಚಳ್ಳಕೆರೆಗೆ ಬಂದೆ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ನಮ್ಮ ಅಂಚೆಕಟ್ಟೆಗೆ ನಡೆದು ಬಂದ. ಹೊಡೆಯಲು ಬಂದನೆಂದು ನಾನು ಈಟಿ ಹಿಡಿದುಕೊಂಡೆ. ಅವನು ಕುಡಿಯಲು ನೀರು ಕೇಳಿ, ಕುಡಿದು, ಎದುರಿಗೆ ಕೂತ.

"ಮಗ್ಗ ಖಾಲಿ ಐತೆ ಅಂಚೆಯಣ್ಣಾ. ಸಾವ್ಕಾರ ರೇಷ್ಮೆ ಕೊಡಾದಿಲ್ಲ ಅಂತಾನೆ. ಓಟ್ದಾಗೆ ಮೋಸ ಮಾಡ್ದೋನು ನೂಲ್ನಾಗೆ ಮಾಡಲ್ವಾ ಅಂತ ಕೇಳ್ತಾನೆ."

ರೇಷ್ಮೆ ನೂಲು ಸಾವ್ಕಾರನದು, ಕೈಚಳಕ ನೇಕಾರನದು; ನಂಬಿಕೆಯ ಮೇಲೆ ನೂಲು ಮನೆಗೆ ಬರುತ್ತದೆ, ಸೀರೆಯಾಗಿ ಹೋಗುತ್ತದೆ. ಕಳ್ಳನೆಂಬ ಹೆಸರು ಬಂದರೆ ಆ ಬೀದಿಯಲ್ಲಿ ಯಾರೂ ಒಂದು ಎಳೆ ಕೊಡುವುದಿಲ್ಲ. ಇಷ್ಟು ನನಗೆ ಗೊತ್ತಿತ್ತು. ಆದರೂ ಬಿಗುಮಾನ ಬಿಡದೆ, "ಅದುಕ್ಕೆ ನಾನೇನ್ ಮಾಡ್ಲಿ?" ಎಂದೆ.

"ಮುಂದಿನ್ ಓಟ್ದಾಗೆ ನನ್ ಬೆನ್ನಿಂದೇನೇ ಓಡ್ರಿ. ಕಣ್ಣು ತೆಗೀಬ್ಯಾಡ್ರಿ. ಗುಂಡು ಮುಟ್ಟಿದ್ರೆ ಮುಟ್ಟಿದ ಅನ್ರಿ, ಇಲ್ಲಾಂದ್ರೆ ಇಲ್ಲ ಅನ್ರಿ."

"ಬ್ಯಾರೆ ಯಾರ್ನಾದ್ರೂ ಕೇಳು."

"ಬ್ಯಾರೆಯೋರು ನನ್ ಕಡೆಯೋರು ಅಂತಾರೆ. ನನ್ ಮ್ಯಾಲೆ ಅನುಮಾನ ಇರೋ ಸಾಕ್ಷೀನೇ ಬೇಕು."

ಒಪ್ಪಿಕೊಂಡೆ. ಅವನು ಹೊರಟುಹೋದ ಮೇಲೆ ಹೊಳೆಯಿತು: ಬೆನ್ನ ಹಿಂದೆಯೇ ಓಡಿದರೆ ಗೆಲ್ಲುವವನು ಅವನೇ! ನನ್ನನ್ನು ಸೋಲಿಸಲೆಂದೇ ಇಷ್ಟು ದೂರ ನಡೆದು ಬಂದನೇ? ಆದರೆ ಮೋಸವನ್ನು ಹಿಡಿಯಬೇಕಾದರೆ ಅವನ ಜೊತೆಗಿರಬೇಕು, ಜೊತೆಗಿರಬೇಕಾದರೆ ಅವನಷ್ಟು ಓಡಬೇಕು. ಎರಡು ವರ್ಷವೂ ಅರ್ಧ ದಾರಿಗೆ ಮೊದಲೇ ಅವನು ನನ್ನ ಕಣ್ಣಿಗೆ ಮರೆಯಾಗಿದ್ದ.

ಅಲ್ಲಿಂದ ನನ್ನ ಬದುಕೇ ತಿರುಗಿತು. ಅದುವರೆಗೆ ನಾನು ಸಂಬಳಕ್ಕೆ ಓಡುತ್ತಿದ್ದೆ. ಚೀಲ ಇಳಿಸುವ ಕಟ್ಟೆ ಯಾವಾಗ ಬರುತ್ತದೋ ಎಂಬುದೊಂದೇ ಯೋಚನೆ, ಸಂಜೆಯಾದರೆ ಈಚಲ ಹೆಂಡ. ಈಗ ಹೆಂಡ ಬಿಟ್ಟೆ. ಕೆಲಸ ಮುಗಿದ ಮೇಲೂ ಕಲ್ಲುಬಯಲುಗಳಲ್ಲಿ ಒಬ್ಬನೇ ಓಡಿದೆ. ಎದುರಿಗೆ ಆ ನೇಕಾರನ ಬೆನ್ನು ಇದೆ ಎಂದುಕೊಂಡು ಓಡುವುದು, ಅದು ಕಣ್ಣಿಗೆ ಮರೆಯಾಗದಂತೆ ಓಡುವುದು. ಕುರಿ ಕಾಯುವವರು ನನಗೆ ಗಾಳಿ ಹಿಡಿದಿದೆ ಎಂದರು. ಹುಟ್ಟಿದಂದಿನಿಂದ ಮೊದಲ ಬಾರಿಗೆ ಬೆಳಗಾಗುವುದನ್ನು ಆಸೆಯಿಂದ ಕಾಯುತ್ತಿದ್ದೆ.

ಮೂರನೆಯ ವರ್ಷ ಅವನ ಹಿಂದೆ ನಾಲ್ಕು ಮಾರು ಬಿಟ್ಟು ಓಡಿದೆ. ಓಡುವಾಗ ಅವನ ಕೈಗಳು ಲಾಳಿ ಎಸೆಯುವಂತೆ ಆಡುತ್ತಿದ್ದವು. ಬಾಯಲ್ಲಿ ತೆಲುಗಿನ ಎಣಿಕೆ. ಆಗಾಗ ಹಿಂದೆ ತಿರುಗಿ ನನ್ನನ್ನು ನೋಡುತ್ತಿದ್ದ. ನಾನು ಹಿಂದೆ ಬೀಳುವುದನ್ನೇ ಕಾದು ಪೊದೆಗೆ ನುಸುಳುತ್ತಾನೆ ಎಂದು ನಾನು ಹಲ್ಲು ಕಚ್ಚಿ ಓಡಿದೆ. ಅವನು ಎಲ್ಲೂ ನುಸುಳಲಿಲ್ಲ. ಗುಂಡಿಗೆ ಎರಡೂ ಅಂಗೈ ಊರಿ ಹಣೆ ಮುಟ್ಟಿಸಿದ. ಶಾನುಭೋಗರು ಅವನ ಬೆನ್ನಿಗೆ ಮುದ್ರೆ ಒತ್ತಿದ್ದನ್ನು ಕಣ್ಣಾರೆ ನೋಡಿದೆ, ಬೆರಳಿಂದ ಮುಟ್ಟಿಯೂ ನೋಡಿದೆ. ಮಣ್ಣೇ.

"ಸಾಕ್ಷಿ ಕೆಲ್ಸ ಮುಗೀತಲ್ಲ ಅಂಚೆಯಣ್ಣಾ, ಇನ್ನು ಮುಂದೆ ಹೋಗ್ರಿ" ಎಂದು ನಕ್ಕ.

ಮುಂದೆ ಹೋಗು ಎನ್ನುತ್ತಾನೆಂದರೆ ಮುಂದೆ ಏನೋ ಇಟ್ಟಿದ್ದಾನೆ! ನಾನು ಹೋಗಲಿಲ್ಲ. ಇಡೀ ದಾರಿ ಅವನ ಹಿಂದೆಯೇ ಅಂಟಿಕೊಂಡು ಬಂದು, ಕಚೇರಿ ಕಂಡಾಗ ಜೀವ ಬಿಟ್ಟು ಓಡಿದೆ. ಹತ್ತು ಹೆಜ್ಜೆಯಲ್ಲಿ ಸೋತೆ. ನನ್ನ ಅನುಮಾನಕ್ಕೆ ನಾನೇ ತೆತ್ತ ದಂಡ ಅದು.

ಅವನ ಸಾವ್ಕಾರ ಛತ್ರಿ ಹಿಡಿದು ಅಲ್ಲೇ ನಿಂತಿದ್ದ. ನಾನು ಉಸಿರು ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದೆ: "ಗುಂಡು ಮುಟ್ಟಿದ. ನಾನ್ ನೋಡೀನಿ. ಹೋದ್ ವರ್ಷ ನಾನ್ ಹೇಳಿದ್ದು ಹೊಟ್ಟೆಕಿಚ್ಚಿಗೆ. ನೋಡಿ ಹೇಳಿದ್ದಲ್ಲ."

ಸಾವ್ಕಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಬ್ರೂ ಸೇರ್ಕೊಂಡು ನಾಟ್ಕ ಕಟ್ಟೀರಾ?" ಎಂದ.

ಅನುಮಾನ ಪಡುವುದು ಗೊತ್ತಿತ್ತು, ಪಡಿಸಿಕೊಳ್ಳುವುದು ಹೇಗಿರುತ್ತದೆಂದು ಅಂದು ತಿಳಿಯಿತು. ಎದೆಯ ಬಿಲ್ಲೆ ಬಿಚ್ಚಿ ಸಾವ್ಕಾರನ ಕೈಯಲ್ಲಿಟ್ಟೆ. "ನಾನಾಡಿದ್ದು ಸುಳ್ಳಾದ್ರೆ ಇದ್ನ ನಮ್ ಸಾಹೇಬ್ರಿಗೆ ಕಳಿಸ್ರಿ. ನನ್ ಕೆಲ್ಸ ಹೋಗ್ಲಿ." ಅವನು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಮರುದಿನ ಬೆಳಗ್ಗೆ ನೇಕಾರನ ಮನೆಗೆ ನೂಲು ಬಂತು.

ಆ ದಿನ ಅವನು ನನ್ನನ್ನು ಮಗ್ಗದ ಬಳಿ ಕರೆದು ಕುಣಿಯೊಳಗೆ ಇಳಿಸಿದ. ಕೆಳಗೆ ಎರಡು ತುಳಿಮಣೆಗಳಿದ್ದವು. ಹೆಬ್ಬೆರಳ ಸಂದಿಗೆ ಹಗ್ಗ ಸಿಕ್ಕಿಸಿ ಒಂದೊಂದು ಎಳೆಗೂ ಒಂದೊಂದನ್ನು ತುಳಿಯಬೇಕು, ಬೆಳಗಿನಿಂದ ಸಂಜೆಯವರೆಗೆ. ಸ್ವಲ್ಪ ಹೊತ್ತಿಗೇ ನನ್ನ ತೊಡೆ ನಡುಗಿತು. ಅದರ ಮೇಲೆ, ಹಾಸಿನ ಉದ್ದೆಳೆಗಳನ್ನು ಹೂಡುವ ದಿನ ಬೀದಿಯ ಉದ್ದಕ್ಕೂ ನೂರಾರು ಸಲ ಹೋಗಿ ಬರಬೇಕಂತೆ. ಕಿಟಕಿಯಲ್ಲಿ ನಿಂತು ಅರ್ಧ ಮನುಷ್ಯನನ್ನು ನೋಡಿ ಕೂತಿದ್ದಾನೆ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು.

ಆಮೇಲೆ ಆರು ವರ್ಷ ಜೊತೆಗೆ ಓಡಿದೆವು. ಎರಡು ಸಲ ನಾನು ಗೆದ್ದೆ, ಉಳಿದವು ಅವನವು. ಸೋತ ವರ್ಷವೂ ಮರುವರ್ಷದ ಓಟಕ್ಕಾಗಿ ಬದುಕಬೇಕೆನ್ನಿಸುತ್ತಿತ್ತು.

ಊರೂರು ಖಾಲಿ ಮಾಡಿದ ಆ ದೊಡ್ಡ ಜ್ವರದ ವರ್ಷ, ಮೊಳಕಾಲ್ಮೂರಿನ ಕಡೆಯಿಂದ ಬಂದ ಓಟದವನು ಚೀಲದ ಜೊತೆ ನೇಕಾರ ಹೋದನೆಂಬ ಸುದ್ದಿಯನ್ನೂ ಕೊಟ್ಟ. ನಾನು ನಂಬಲಿಲ್ಲ. ಇನ್ಯಾರನ್ನೋ ಕಂಡು ಹೇಳುತ್ತಿದ್ದಾನೆ ಎಂದು ಚೀಲವನ್ನು ಜೊತೆಯವನಿಗೆ ಒಪ್ಪಿಸಿ, ನನ್ನ ಪಾಲಿನ ದಾರಿಯಷ್ಟನ್ನೇ ಅಲ್ಲ, ಮೊಳಕಾಲ್ಮೂರಿನವರೆಗೂ ಓಡಿದೆ. ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಅವನ ಹೆಂಡತಿ ಜಗಲಿಯ ಮೇಲೆ ಕೂತಿದ್ದಳು.

"ನೀವು ನಂಬಲ್ಲ, ನೋಡಾಕೆ ಬಂದೇ ಬರ್ತೀರಿ ಅಂದಿದ್ರು" ಎಂದಳು. ಮಣ್ಣು ಮಾಡಿ ಎರಡು ದಿನವಾಗಿತ್ತು.

ಕುಡಿಯಲು ನೀರು ತಂದುಕೊಟ್ಟು ಹೇಳಿದಳು: "ನಿಮ್ಗೆ ಒಂದ್ ಮಾತು ಹೇಳು ಅಂದಿದ್ರು ಅಂಚೆಯಣ್ಣ. ಆ ವರ್ಷ ನೀವು ಸಾಕ್ಷಿಗೆ ಓಡಿದ್ರಲ್ಲ, ಗುಂಡು ಮುಟ್ಟೋಗಂಟ ನಮ್ಮೋರು ಕಾಲು ಬಿಗಿ ಹಿಡ್ಕೊಂಡು ನಿಧಾನಕ್ಕೆ ಓಡಿದ್ರಂತೆ. ಸಾಕ್ಷಿ ಹಿಂದೆ ಉಳಿದ್ರೆ ಮಗ್ಗದ ಗತಿ ಏನು ಅಂತ. ಗುಂಡು ಮುಟ್ಟಿದ್ಮ್ಯಾಲೆ ಓಡಿದ್ದು, ಆಮ್ಯಾಲಿನ್ ವರ್ಷ ಓಡಿದ್ದು, ಎಲ್ಲಾ ನಿಜ್ವಾದ್ದೇ ಅಂತ ಹೇಳು, ಇಲ್ಲಾಂದ್ರೆ ಅದ್ಕೂ ಅನುಮಾನ ಪಡ್ತಾರೆ ಅಂದ್ರು."

ನಾನು ಅಲ್ಲೇ ಕುಸಿದು ಕೂತು ಅತ್ತೆ, ಹೆಂಗಸಿನೆದುರು ಎಂಬ ನಾಚಿಕೆಯೂ ಇಲ್ಲದೆ. ಒಂದು ವರ್ಷ ಕಾಲು ಸವೆಸಿ, ಅಷ್ಟು ದೂರ ಕಣ್ಣು ಕೀಳದೆ ನೋಡಿದ್ದೆ. ಅವನು ನನಗೆ ಮಾಡಿದ ಒಂದೇ ಒಂದು ಮೋಸ ನನ್ನೆದುರಿಗೇ ನಡೆದಿತ್ತು, ನಾಲ್ಕು ಮಾರು ದೂರದಲ್ಲಿ, ನಾನು ಹಿಂದೆ ಬೀಳದಿರಲೆಂದು. ಅದೊಂದನ್ನು ನಾನು ನೋಡಲಿಲ್ಲ.