ನಳಿಗೆ ನೋಡಿದಿರಾ?

ಅವರಿಗೆ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಆ ಜಾಗದಲ್ಲಿ ನುಣ್ಣಗೆ ಹೊಳೆಯುವ ಚರ್ಮವಿತ್ತು. ಬಲಗಡೆಯದು ಮಾತ್ರ ಎರಡೂ ಕಡೆಯ ಪಾಲನ್ನು ತಾನೊಂದೇ ಹೊತ್ತುಕೊಂಡ ಹಾಗೆ ಪೊದೆಯಾಗಿ ಬೆಳೆದಿತ್ತು. ಹೀಗಾಗಿ ಅವರು ಸುಮ್ಮನೆ ಕೂತಿದ್ದರೂ ಎದುರಿನವರ ಮಾತನ್ನು ನಂಬದವರ ಹಾಗೆ ಕಾಣುತ್ತಿದ್ದರು. ನಿಜಕ್ಕೂ ಯಾರನ್ನೂ ನಂಬುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಎಪ್ಪತ್ತರ ದಶಕದ ನಡುವಿನ ಕಾಲ. ತುಮಕೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದು ಕೋವಿ ರಿಪೇರಿ ಮಾಡುವ, ಕಾಡತೂಸು ಮಾರುವ ಚಿಕ್ಕ ಅಂಗಡಿ. ನಾನು ಅದೇ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಗುಬ್ಬಿಯ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ರೈಲಿನಲ್ಲಿ ಓಡಾಡುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವರ ಒಂಟಿ ನಳಿಗೆಯ ಕೋವಿಯ ಲೈಸೆನ್ಸು ನನ್ನ ಹೆಸರಿಗೆ ಬಂದಿತ್ತು. ಕಡಲೆಕಾಯಿ ಹೊಲಕ್ಕೆ ಹಂದಿ, ತೆಂಗಿಗೆ ಕೋತಿ, ಕೋವಿ ಇಲ್ಲದೆ ಬದುಕೇ ಇಲ್ಲ ಅಂತ ಅವ್ವನ ಹಠ. ಹೊಡೆಯುವವಳೂ ಅವಳೇ. ನಾನು ಲೈಸೆನ್ಸಿಗೆ ಸಹಿ ಹಾಕುವುದಕ್ಕೆ ಮಾತ್ರ.

ಅರ್ಧ ದಿನ ರಜೆ ಹಾಕಿ ಮೊದಲ ಸಲ ಅವರ ಅಂಗಡಿಗೆ ಹೋದಾಗ ಲೈಸೆನ್ಸ್ ಪುಸ್ತಕ ಮುಂದಿಟ್ಟೆ. ಅವರು ಅದನ್ನು ತೆರೆಯಲೂ ಇಲ್ಲ. ಒಂದು ಹಾಳೆ, ಸೀಸದ ಕಡ್ಡಿ ನನ್ನ ಕಡೆ ತಳ್ಳಿದರು.

"ಮನೆ ಬರೀರಿ ಸ್ವಾಮಿ."

"ಯಾವ ಮನೆ?"

"ನಿಮ್ಮನೆ. ಒಲೆ ಎಲ್ಲೈತೆ, ಅಟ್ಟ ಎಲ್ಲೈತೆ, ಮಲ್ಗೋದು ಎಲ್ಲಿ, ಕೋವಿ ತೂಗಾಕೋದು ಎಲ್ಲಿ, ಕಾಡತೂಸು ಇಡೋದೆಲ್ಲಿ. ಎಲ್ಲಾ ಬರೀರಿ."

ನಾನು ಕಾಡತೂಸು ಕೊಳ್ಳಲು ಬಂದಿದ್ದೇನೋ, ಮನೆಯ ಪ್ಲಾನು ಮಂಜೂರು ಮಾಡಿಸಲು ಬಂದಿದ್ದೇನೋ ತಿಳಿಯದೆ ಮೈ ಉರಿಯಿತು. ರೈಲಿನ ಹೊತ್ತಾಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುವಂತೆಯೂ ಇರಲಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೇ ಬಿಟ್ಟು ಕೊಬ್ಬರಿ ಮಾಡುತ್ತಾರೆ. ಕೆಳಗಿನ ಒಲೆಯ ಬಿಸಿಗೆ ಅಲ್ಲಿ ಥಂಡಿ ಅನ್ನುವುದು ಸುಳಿಯುವುದಿಲ್ಲ. ಕಾಡತೂಸು ಮೆತ್ತಗಾಗಬಾರದು ಎಂದು ಅಪ್ಪ ಅದನ್ನು ಆ ರಾಶಿಯ ನಡುವೆ ಇಡುತ್ತಿದ್ದರು, ಅವ್ವ ಅದನ್ನೇ ನಡೆಸಿಕೊಂಡು ಬಂದಿದ್ದಳು. ಅಂದರೆ ಬೆಂಕಿ, ಅದರ ಮೇಲೆ ಎಣ್ಣೆ ತುಂಬಿದ ಕೊಬ್ಬರಿ, ಅದರೊಳಗೆ ಕಾಡತೂಸು. ನಾನು ಜಾಣನಾಗಿ, ಮನೆಯಲ್ಲೇ ಇಲ್ಲದ ಒಂದು ಕೋಣೆಯನ್ನು ಕೊಟ್ಟಿಗೆಯ ಪಕ್ಕಕ್ಕೆ ಅಂಟಿಸಿ, ಅದರಲ್ಲಿ ಕಾಡತೂಸು ಇಡುತ್ತೇವೆ ಎಂದು ಬರೆದುಕೊಟ್ಟೆ.

ಆಮೇಲೆ ಅರ್ಧ ಗಂಟೆ ಪಾಠ. ಬೆಂಕಿ ಬಿದ್ದಾಗ ಬಿಡಿ ಕಾಡತೂಸು ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತದಂತೆ. ಹತ್ತಿರ ಮುಖ ಕೊಟ್ಟರೆ ಕಣ್ಣು ಹೋದೀತು, ಆದರೆ ಗೋಡೆ ದಾಟಿ ಕೊಲ್ಲುವ ಶಕ್ತಿ ಅದಕ್ಕಿಲ್ಲ. ಅದನ್ನೇ ಬಿಗಿ ಮುಚ್ಚಳದ ಡಬ್ಬದಲ್ಲಿ ತುಂಬಿಟ್ಟರೆ ಡಬ್ಬವೇ ಸಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕೋವಿಯಲ್ಲಿ ತುಂಬಿಟ್ಟದ್ದು. ಕಾವು ಏರಿದರೆ ಕೋವಿಯ ಕುದುರೆ ಎಳೆಯುವ ಬೆರಳೂ ಬೇಡ, ನಳಿಗೆಯ ಬಾಯಿ ಯಾವ ಕಡೆಗಿದೆಯೋ ಆ ಕಡೆಗೆ ಹೊಡೆಯುತ್ತದೆ.

"ಸದ್ದಿಗೆ ಹೆದರ್ಬೇಡಿ, ನಳಿಗೆಗೆ ಹೆದ್ರಿ," ಎಂದರು. ಇದೇ ಮಾತನ್ನು ಬಾಗಿಲವರೆಗೂ ಬಂದು ಇನ್ನೊಮ್ಮೆ ಹೇಳಿದರು. ಅಷ್ಟರಲ್ಲಿ ರೈಲು ಹೋಗಿತ್ತು.

ಮರುವರ್ಷ ಮತ್ತೆ ಹಾಳೆ, ಮತ್ತೆ ಕಡ್ಡಿ. ಸುಳ್ಳಿಗೆ ನೆನಪಿನ ಶಕ್ತಿ ಬೇಕು, ನನಗದು ಇರಲಿಲ್ಲ. ಈ ಸಲ ಕೋಣೆಯನ್ನು ಬಚ್ಚಲ ಹಿಂದೆ ಬರೆದೆ. ಅವರು ಎದ್ದು ಬೀರುವಿನಿಂದ ಹೋದ ವರ್ಷದ ಹಾಳೆ ತಂದು ಪಕ್ಕದಲ್ಲಿಟ್ಟರು.

"ಕೋಣೆಗೆ ಕಾಲು ಬಂದು ನಡ್ಕೊಂಡು ಹೋಯ್ತಾ ಸ್ವಾಮಿ?"

ಕಾಡತೂಸು ಕೊಡಲಿಲ್ಲ. ಮುಂದಿನ ಭಾನುವಾರ ಛತ್ರಿ ಹಿಡಿದುಕೊಂಡು ಅವರೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು! ಗುಬ್ಬಿಯಲ್ಲಿ ರೈಲಿಳಿದು ಎರಡು ಮೈಲಿ ನಡೆದಿದ್ದರು. ನೀರೂ ಕುಡಿಯದೆ ಏಣಿ ಹಾಕಿಸಿಕೊಂಡು ಅಟ್ಟ ಹತ್ತಿದರು. ಕೊಬ್ಬರಿ ರಾಶಿಯಿಂದ ಅವ್ವನ ಕಬ್ಬಿಣದ ಡಬ್ಬ ಹೊರಬಂತು. ಮುಚ್ಚಳದ ಸುತ್ತ ಬಟ್ಟೆ ಸುತ್ತಿ, ಮೇಣ ಮೆತ್ತಿ, ಗಾಳಿಯೂ ಹೋಗದ ಹಾಗೆ ಅವ್ವ ಬಿಗಿ ಮಾಡಿದ್ದಳು. ನಡುಮನೆಯ ಗೋಡೆಯ ಕೋವಿಯನ್ನು ಮುರಿದು, ಅಂದರೆ ಹಿಡಿಯ ಬಳಿ ಮಡಚಿ ನಳಿಗೆಯ ಹಿಂಬದಿ ತೆರೆದು, ನೋಡಿದರೆ ಒಳಗೊಂದು ಕಾಡತೂಸು ಕೆಂಪಗೆ ಕೂತಿತ್ತು. ಕೋವಿಯ ಬಾಯಿ ನಾವು ಮಲಗುವ ಕೋಣೆಯ ಬಾಗಿಲಿಗೆ ನೆಟ್ಟಗೆ ತಿರುಗಿತ್ತು.

"ಯಾಕಮ್ಮ ತುಂಬಿಟ್ಟಿದೀರಿ?" ಎಂದು ಕೇಳಿದರು.

"ಮತ್ತೆ? ಹಂದಿ ಬಂದಾಗ, ವಸಿ ತಡ್ಕಳಪ್ಪ, ತುಂಬ್ಕಂಡ್ ಬತ್ತೀನಿ ಅನ್ನಕಾಯ್ತದಾ?" ಎಂದಳು ಅವ್ವ. ಅಷ್ಟಕ್ಕೇ ಬಿಡದೆ, "ಅದಿರ್ಲಿ, ನಿಮ್ ಹುಬ್ಬೇನಾಯ್ತು?" ಎಂದು ಕೇಳಿಯೇಬಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಜಗಲಿಯ ಮೇಲೆ ಕೂತರು. ಡಬ್ಬ ಇನ್ನೂ ತೊಡೆಯ ಮೇಲಿತ್ತು. "ಕುಣಿಗಲ್‌ನಾಗೆ ನಮ್ಮನೆ," ಎಂದು ಶುರು ಮಾಡಿದರು. "ಮದ್ದು ತುಂಬೋ ಹಳೇ ಕೋವಿ ನಮ್ದು. ಮದ್ದು ಥಂಡಿ ಹಿಡೀಬಾರ್ದು ಅಂತ ಹಿತ್ತಾಳೆ ಡಬ್ಬಕ್ಕೆ ಹಾಕಿ ತಿರುಪಿನ ಮುಚ್ಚಳ ಬಿಗಿ ಮಾಡಿದ್ದೆ. ಜೋಪಾನ ಮಾಡ್ದೆ ಅಂದ್ಕಂಡಿದ್ದೆ. ಮನೆಗೆ ಬೆಂಕಿ ಬಿದ್ದಾಗ ನಮ್ಮಣ್ಣ ಅದನ್ನ ಹೊರಗೆ ತರೋಕೆ ಅಂತ ಒಳಕ್ಕೋದ. ನಾನು ಬಾಗ್ಲಾಗಿದ್ದೆ. ನಂಗೆ ಹುಬ್ಬಷ್ಟೇ ಹೋಗಿದ್ದು." ಡಬ್ಬದ ಮೇಣವನ್ನು ಉಗುರಿನಿಂದ ಕೆರೆಯುತ್ತಾ, "ಮುಚ್ಚಳ ತಿರುಗ್ಸಿದ್ದು ನಾನೇ ಕಣಮ್ಮ," ಎಂದರು.

ಅವ್ವ ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದಳು. ಕಾಡತೂಸು ಅದಕ್ಕೆ ಬಂತು, ಮುಚ್ಚಳ ಇಲ್ಲ. ಆದರೆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಲು ಮಾತ್ರ ಸುತರಾಂ ಒಪ್ಪಲಿಲ್ಲ. ಕೋವಿಯ ಬಾಯಿ ಬರೀ ಗೋಡೆಯ ಕಡೆ ತಿರುಗುವ ಹಾಗೆ ಮೊಳೆ ಬದಲಾಯಿಸಿ ಎಂದು ಅವರು ನನಗೆ ಹೇಳಿದರು. ಹೂಂ ಎಂದೆ. ಬದಲಾಯಿಸಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಕಾರ್ಡಿನ ಕಾಟ. ಪ್ರತಿ ತಿಂಗಳ ಮೊದಲ ವಾರ ಒಂದು ಪೋಸ್ಟ್ ಕಾರ್ಡ್. ಅದರಲ್ಲಿ ಒಂದೇ ಸಾಲು: "ನಳಿಗೆ ನೋಡಿದಿರಾ?" ಕಾರ್ಡು ತಾನೇ, ಪೋಸ್ಟ್‌ಮನ್ ಓದುತ್ತಿದ್ದ. ಅವನು ಓದಿದರೆ ಊರೇ ಓದಿದ ಹಾಗೆ. ಹೋಟೆಲಿನವನು ಕಾಫಿ ಕೊಡುತ್ತಾ, "ನಳಿಗೆ ನೋಡಿದ್ರಾ ಸ್ವಾಮಿ?" ಅನ್ನುತ್ತಿದ್ದ. ಒಂದು ದಿನ ನನ್ನ ಮದುವೆ ಮಾಡಿಸಿದ ಪುರೋಹಿತರೂ ಕೇಳಿದರು. ಅಂಗಡಿಗೇ ಹೋಗಿ ರೇಗಿದೆ. "ಎಲ್ಲರಿಗೂ ಹೀಗೇ ಬರೀತೀರಾ?"

"ಇಲ್ಲ. ಸುಳ್ಳು ಬರ್ದುಕೊಟ್ಟೋರಿಗೆ ಮಾತ್ರ," ಎಂದರು.

ನಾನು ಒಂದು ಕಾರ್ಡಿಗೂ ಉತ್ತರ ಬರೆಯಲಿಲ್ಲ.

ನನ್ನ ಮಗಳಿಗೆ ಆರು ತಿಂಗಳಾಗಿದ್ದ ಬೇಸಿಗೆ. ಒಂದು ಗುರುವಾರ ಕಾರ್ಡು ಬಂತು. ಅಂದು ಕಚೇರಿಯಲ್ಲಿ ಬೈಸಿಕೊಂಡು ಬಂದಿದ್ದೆ. ಸಿಟ್ಟಿಗೆ, ಈ ಮನುಷ್ಯನಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಬೈಯುತ್ತಲೇ ಕೋವಿ ಇಳಿಸಿ ಮುರಿದೆ. ಒಳಗೊಂದು ಕಾಡತೂಸು. ಹಿಂದಿನ ರಾತ್ರಿ ಹಂದಿ ಬಂದಿತ್ತು ಎಂದು ಅವ್ವ ತುಂಬಿ ಮರೆತಿದ್ದಳು. ಅವಳೊಂದಿಗೆ ಜಗಳವಾಡಿ, ಕಾಡತೂಸನ್ನು ಅಟ್ಟದ ಪೆಟ್ಟಿಗೆಗೆ ಎಸೆದು, ಕೋವಿಯನ್ನು ಅದೇ ಹಳೇ ಮೊಳೆಗೆ ತೂಗುಹಾಕಿದೆ.

ಅದೇ ವಾರದ ಭಾನುವಾರ ಮಧ್ಯಾಹ್ನ ಅಟ್ಟಕ್ಕೆ ಬೆಂಕಿ ಬಿತ್ತು. ಒಲೆಗೆ ತೆಂಗಿನ ಗರಿ ತುರುಕಿ ಅವ್ವ ಹಿತ್ತಲಿಗೆ ಹೋಗಿದ್ದಳು, ಹೆಂಡತಿ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಾನು ತೆಂಗಿನ ತೋಟದಿಂದ ಓಡಿ ಬರುವಷ್ಟರಲ್ಲಿ ಅಕ್ಕಪಕ್ಕದವರು ಬಾವಿಯಿಂದ ಬಿಂದಿಗೆ ಸಾಲು ಹಿಡಿದಿದ್ದರು. ಮಗು ನಾವು ಮಲಗುವ ಒಳಕೋಣೆಯ ತೊಟ್ಟಿಲಿನಲ್ಲಿತ್ತು.

ಅಷ್ಟರಲ್ಲಿ ಅಟ್ಟದಲ್ಲಿ ಢಮ್ ಅಂದಿತು. ಹಿಂದೆಯೇ ಇನ್ನೊಂದು, ಮತ್ತೊಂದು.

"ಗುಂಡು ಹಾರ್ತಾವೆ! ಒಳಕ್ಕೋಗ್ಬೇಡ್ರೋ!" ಎಂದು ಯಾರೋ ಕೂಗಿದರು. ಬಿಂದಿಗೆಗಳು ನೆಲಕ್ಕೆ ಬಿದ್ದವು, ಜನ ಬೇಲಿಯಾಚೆಗೆ ಓಡಿದರು. ನನ್ನ ಹೆಂಡತಿ ಬಾಗಿಲಿಗೆ ನುಗ್ಗಿದಳು, ಇಬ್ಬರು ಹೆಂಗಸರು ಅವಳನ್ನು ಹಿಡಿದುಕೊಂಡರು. ತೊಟ್ಟಿಲಿಗೆ ಹೋಗಬೇಕಾದರೆ ನಡುಮನೆ ದಾಟಬೇಕು, ಕೋವಿಯ ಬಾಯಿಯ ಮುಂದೆಯೇ ಹಾಯಬೇಕು.

ನನ್ನಂಥ ಪುಕ್ಕಲ ಆ ಊರಿನಲ್ಲೇ ಇರಲಿಲ್ಲ. ಆದರೆ ಅಷ್ಟು ಜನರ ನಡುವೆ ನನಗೊಬ್ಬನಿಗೇ ಒಂದು ವಿಷಯ ಗೊತ್ತಿತ್ತು. ನಳಿಗೆ ಖಾಲಿ. ಉಳಿದದ್ದು ಸದ್ದು. ಜಗಲಿಯ ಮೇಲಿದ್ದ ಕಂಬಳಿಯನ್ನು ದನದ ನೀರಿನ ತೊಟ್ಟಿಯಲ್ಲಿ ಅದ್ದಿ ಹೊದ್ದು ಒಳಗೆ ನುಗ್ಗಿದೆ. ತಲೆಯ ಮೇಲೆ ಎರಡು ಸಲ ಸಿಡಿಯಿತು. ಹೊಗೆಯಲ್ಲಿ ಗೋಡೆ ತಡವುತ್ತಾ ಹೋಗಿ, ಮಗುವನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದೆ. ಅವಳು ಕೆಮ್ಮುತ್ತಾ ಅಳುತ್ತಿದ್ದಳು. ಅಷ್ಟು ಚೆಂದದ ಅಳುವನ್ನು ನಾನು ಆಮೇಲೆ ಕೇಳಿಲ್ಲ.

ಬೆಂಕಿ ಆರಿದ ಮೇಲೆ ನೋಡಿದರೆ ಅಟ್ಟದ ತೊಲೆಗಳಿಗೆ ಕಾಡತೂಸಿನ ಚರೆಗುಂಡು ತರಚಿತ್ತು, ಒಂದೂ ಗೋಡೆ ದಾಟಿರಲಿಲ್ಲ. ನಡುಮನೆಯ ಕೋವಿಯ ಹಿಡಿ ಅರ್ಧ ಸುಟ್ಟಿತ್ತು, ನಳಿಗೆ ಕಾದು ಬಣ್ಣ ತಿರುಗಿತ್ತು. ಅದರ ಬಾಯಿ ಇನ್ನೂ ಮಗುವಿದ್ದ ಕೋಣೆಯ ಬಾಗಿಲನ್ನೇ ನೋಡುತ್ತಿತ್ತು.

ಮರುದಿನ ಥ್ಯಾಂಕ್ಸ್ ಹೇಳಲೆಂದೇ ತುಮಕೂರಿಗೆ ಹೋದೆ. ಎಲ್ಲ ಕೇಳಿಸಿಕೊಂಡರು.

"ಪೆಟ್ಗೆ ಮುಚ್ಚಳ?"

"ತೆಗೆದೇ ಇತ್ತು."

"ಮೊಳೆ?"

"ಹಳೇದೇ," ಎಂದೆ.

"ಬದ್ಲಾಯ್ಸಿ ಅಂದಿದ್ನಲ್ರೀ! ಎಷ್ಟು ಸಲ ಹೇಳ್ಬೇಕ್ರೀ ನಿಮ್ಗೆ!" ಎಂದು ಇಡೀ ಬೀದಿಗೆ ಕೇಳುವಂತೆ ಬೈದರು. ಮಗು ಉಳಿಯಿತು ಎಂದು ಹೇಳಲು ಹೋದವನಿಗೆ ಒಂದು ಮೊಳೆಗಾಗಿ ಬೈಗುಳ. ಹಾಳಾಗಿ ಹೋಗಲಿ ಎಂದು ಥ್ಯಾಂಕ್ಸ್ ಹೇಳದೆಯೇ ಎದ್ದೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿದರು.

"ಮಗು ಹೆಣ್ಣಾ, ಗಂಡಾ?"

"ಹೆಣ್ಣು," ಎಂದೆ, ತಿರುಗದೆ.

ಮುಂದಿನ ತಿಂಗಳಿನಿಂದ ಕಾರ್ಡಿನಲ್ಲಿ ಎರಡು ಸಾಲು. "ನಳಿಗೆ ನೋಡಿದಿರಾ? ಮಗು ಕ್ಷೇಮವೇ?" ಏಳು ವರ್ಷ, ಒಂದು ತಿಂಗಳೂ ತಪ್ಪಲಿಲ್ಲ. ಮಗಳು ಅಕ್ಷರ ಕಲಿತು ಮೊದಲು ಓದಿದ ಕಾಗದ ಅದೇ. ನಾನು ಮಾತ್ರ ಅದೇ ಹಳೇ ಬಿಗುಮಾನದಲ್ಲಿ ಒಂದಕ್ಕೂ ಉತ್ತರ ಬರೆಯಲಿಲ್ಲ. ಕೋವಿ ನೋಡುತ್ತಿದ್ದೆ, ಬರೆಯುತ್ತಿರಲಿಲ್ಲ.

ಒಂದು ತಿಂಗಳು ಕಾರ್ಡು ಬರಲಿಲ್ಲ. ಎರಡು ವಾರ ಕಾದು ಅಂಗಡಿಗೆ ಹೋದರೆ ಬೀಗ. ಎದೆನೋವು ಬಂದು ಹೋಗಿಬಿಟ್ಟರು, ಕುಣಿಗಲ್‌ಗೆ ತಗೊಂಡು ಹೋಗಿ ಮಣ್ಣು ಮಾಡಿದರು ಎಂದು ಪಕ್ಕದ ಅಂಗಡಿಯವನು ಹೇಳಿದ. ಆ ಮೆಟ್ಟಿಲಿನ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ಇಂಥ ಮನುಷ್ಯನಿಗೆ ಒಂದು ಕಾರ್ಡು ಬರೆಯಲಾಗದ ನನ್ನ ಮೇಲೆಯೇ ನನಗೆ ಅಸಹ್ಯವಾಯಿತು.

ಆ ಸಂಜೆ ಮಗಳು, "ಅಪ್ಪ, ಕಾರ್ಡ್ ಬರ್ಲಿಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. ಹೊಸ ಹಿಡಿ ಹಾಕಿಸಿ ಬೇರೆ ಮೊಳೆಗೆ ತೂಗುಹಾಕಿದ್ದ ಕೋವಿಯನ್ನು ಇಳಿಸಿ ಮುರಿದು ಕಿಟಕಿಯ ಬೆಳಕಿಗೆ ಹಿಡಿದೆ. ಅವಳು ನನ್ನ ಭುಜದ ಪಕ್ಕ ಬಗ್ಗಿ ನೋಡಿದಳು.

"ಖಾಲಿ," ಎಂದಳು.

ಎರಡು ಪ್ರಶ್ನೆಗೂ ಉತ್ತರ ನನ್ನ ಹತ್ತಿರವಿತ್ತು. ಕೇಳುವವರು ಇರಲಿಲ್ಲ.