ಸುಟ್ಟ ವಾಸನೆ

ಬೀದಿಯವರಿಗೆಲ್ಲ ಅವರು ಇಸ್ತ್ರಿ ಮಾವ. ಸಕ್ಕರೆ ಕಾಯಿಲೆ ಅಂಟಿಕೊಂಡು ವರ್ಷಗಳಾಗಿದ್ದವು. ಅದೇ ಕಾಯಿಲೆಯಿದ್ದ ಅಣ್ಣ, ಮೇಜಿನ ಆಚೆ ಬದಿಯಲ್ಲಿ ಇಸ್ತ್ರಿ ಹಾಕುತ್ತಿದ್ದವರು, ಒಂದು ಮಧ್ಯಾಹ್ನ "ಯಾಕೋ ಸುಸ್ತು ಕಣೋ" ಎಂದು ಕೂತವರು ಮತ್ತೆ ಏಳಲಿಲ್ಲ. ಎದೆನೋವು ಎಂಬ ಮಾತೇ ಅವರ ಬಾಯಿಂದ ಬರಲಿಲ್ಲ. ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು. ಮಾವ ಅಳಲಿಲ್ಲ. ಅಣ್ಣ ಅರ್ಧಕ್ಕೆ ಬಿಟ್ಟ ಅಂಗಿಯನ್ನು ಮುಗಿಸಿ ಮಡಿಸಿಟ್ಟರು.

ಹೆಂಡತಿ ಅವರನ್ನು ಡಾಕ್ಟರ ಬಳಿಗೆ ಎಳೆದೊಯ್ದಳು. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳನ್ನು ಮಾವ ಎಂದೋ ಬಿಟ್ಟಿದ್ದರು; ಸಿಗರೇಟು ಮಾತ್ರ ಬಿಟ್ಟಿರಲಿಲ್ಲ.

"ಶುಗರ್ ಹತೋಟೀಲಿದೆ. ಎದೇಲಿ ಒಂಚೂರೂ ನೋವಿಲ್ಲ. ಇನ್ಯಾಕೆ ಅವೆಲ್ಲ?"

"ಶುಗರ್ ಒಂದೇ ಇಳಿದ್ರೆ ಸಾಲ್ದು ಯಜಮಾನ್ರೇ," ಎಂದರು ಡಾಕ್ಟರು. "ಹೃದಯ ಉಳೀಬೇಕಾದ್ರೆ ಬಿಪಿ, ಕೊಲೆಸ್ಟ್ರಾಲ್ ಎರಡೂ ಇಳೀಬೇಕು, ಸಿಗರೇಟೂ ನಿಲ್ಬೇಕು. ನೋವು ಬರ್ಲಿ ಅಂತ ಕಾಯ್ಬೇಡಿ. ಈ ಕಾಯಿಲೇಲಿ ಕೆಲವರಿಗೆ ನೋವೇ ಗೊತ್ತಾಗಲ್ಲ."

ಮಾವ ಹೂಂಗುಟ್ಟಿದರು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಮಾತ್ರೆಗಳು ಕಿಟಕಿಯ ಕಟ್ಟೆಯ ಮೇಲೆ ಧೂಳು ತಿನ್ನುತ್ತ ಕೂತವು.

ಒಂದು ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಯಿಂದ ಕೆಂಡವೊಂದು ಜಾರಿ ಬಿತ್ತು. ಪ್ಯಾಂಟಿನ ಗೆರೆ ಕೂರಿಸುತ್ತಿದ್ದ ಮಾವನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಯಾರ ಬಟ್ಟೆ ಹಾಳಾಯಿತೋ ಎಂದು ಪ್ಯಾಂಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಯ್ಯೋ, ನಿಮ್ಮ ಕಾಲು ರೀ!" ಎಂದು ಚೀರಿದ ಹೆಂಡತಿ ಓಡಿಬಂದು ನೀರು ಸುರಿದಳು.

ಪಾದದ ಚರ್ಮ ಕರಟಿ ಹೋಗಿತ್ತು. ಮಾವ ಅದನ್ನು ಯಾರದೋ ಕಾಲೆಂಬಂತೆ ನೋಡುತ್ತ ನಿಂತರು. ಆಮೇಲೆ ಮೇಜಿನಾಚೆಯ ಖಾಲಿ ಜಾಗವನ್ನು ನೋಡಿದರು.

"ಕಿಟಕೀಲಿರೋ ಆ ಮಾತ್ರೆ ಕೊಡೇ," ಎಂದರು.